ಖಾಕಿ ಕಳಚಿ ಖಾದಿ ತೊಟ್ಟವರು

ಮೊನ್ನೆ ಊರಿಗೆ ಹೋಗಿದ್ದೆ. ಊರೆಂದರೆ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ. ಕನ್ನಡ ಕಥೆಗಳನ್ನು ಓದುವವರಿಗೆ ಈ ಹೆಸರು ಹೊಸದಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಕಥೆಗಾರ ದಿವಂಗತ ಬೆಸಗರಹಳ್ಳಿ ರಾಮಣ್ಣನವರು ಅದನ್ನು ತಮ್ಮ ಹೆಸರಿನ ಜೊತೆಯಲ್ಲಿ ನಾಡಿಗೆಲ್ಲ ಪರಿಚಯಿಸಿದರು. ನಾನು ಅಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಹೇಳಿ, ಈಗ ನಿವೃತ್ತನಾಗಿ ಎರಡೂ ಕಡೆ ನೆಂಟನಂತೆ ಬದುಕುತ್ತಿರುವವನು. ಊರು ಬೇಸರವಾದಾಗ ಬೆಂಗಳೂರು, ಬೆಂಗಳೂರು ಬೇಸರವಾದಾಗ ಊರು.

ಟೀ ಹೋಟೆಲಿನಲ್ಲಿ ನಾಲ್ಕೈದು ಜನ ಕೂತಿದ್ದರು. ಕಬ್ಬಿನ ಬಾಕಿ, ನಾಲೆಯ ನೀರು, ಯಾರದೋ ಮಗಳ ಮದುವೆ ಎಲ್ಲ ಮುಗಿದು, ಮಾತು ಯಥಾಪ್ರಕಾರ ರಾಜಕಾರಣಿಗಳ ಮೇಲೆ ಹೊರಳಿತು. ನನ್ನ ಜೊತೆಯಲ್ಲಿ ಪ್ರೈಮರಿ ಸ್ಕೂಲು ಓದಿ, ಆಮೇಲೆ ನೇಗಿಲು ಹಿಡಿದ ಗೆಳೆಯನೊಬ್ಬ ಲೋಟ ಕೆಳಗಿಟ್ಟು ತೀರ್ಪು ಕೊಟ್ಟ: "ಇವರ್ನೆಲ್ಲ ನೆಟ್ಟಗ್ ಮಾಡ್ಬೇಕು ಅಂದ್ರೆ ಒಬ್ಬ ಖಡಕ್ ಪೋಲೀಸ್ ಆಫೀಸರ್ರೇ ಎಲೆಕ್ಷನ್ನಿಗೆ ನಿಂತ್ಕೋಬೇಕು ಕಣ್ ಮೇಷ್ಟ್ರೇ. ಆಗ ನೋಡಿ, ಎಲ್ಲಾ ಸರಿಹೋಯ್ತದೆ."

ಕೂತಿದ್ದವರೆಲ್ಲ ತಲೆದೂಗಿದರು. ಇದೇ ಮಾತನ್ನು ನಾನು ಬೆಂಗಳೂರಿನ ಪಾರ್ಕುಗಳಲ್ಲಿ, ಬೆಳಗಿನ ವಾಯುಸೇವನೆಗೆ ಬರುವ ಪೆನ್ಷನ್ನುದಾರರ ಬಾಯಲ್ಲಿ, ಬ್ಯಾಂಕಿನ ಕ್ಯೂಗಳಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹಳ್ಳಿಯವನೂ ಪಟ್ಟಣದವನೂ ಒಪ್ಪುವ ಸಂಗತಿಗಳು ನಮ್ಮಲ್ಲಿ ಬಹಳ ಕಡಿಮೆ. ಅಂಥವುಗಳಲ್ಲಿ ಇದೊಂದು. ನಾನು ಈ ಮಾತನ್ನು ಒಪ್ಪುವುದಿಲ್ಲ. ಹಿಂದೊಮ್ಮೆ ಒಪ್ಪಿದ್ದೆ, ಒಪ್ಪಿದ್ದಕ್ಕೆ ಸಾಕ್ಷಿಯಾಗಿ ಬೆರಳಿಗೆ ಮಸಿಯನ್ನೂ ಹಚ್ಚಿಸಿಕೊಂಡಿದ್ದೆ. ಆದ್ದರಿಂದ ಈ ವಾದದಲ್ಲಿ ಮೊದಲ ಆಪಾದಿತ ನಾನೇ.

ಅದು 2004ರ ಮಾತು. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಶ್ರೀ ಎಚ್. ಟಿ. ಸಾಂಗ್ಲಿಯಾನ ಅವರು ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತರು. ದೂರದ ಮಿಜೋರಾಮಿನಲ್ಲಿ ಹುಟ್ಟಿ, ಐ.ಪಿ.ಎಸ್. ಅಧಿಕಾರಿಯಾಗಿ ಕರ್ನಾಟಕಕ್ಕೆ ಬಂದು, ಕನ್ನಡ ಕಲಿತು, ಬೆಂಗಳೂರಿನ ಪೋಲೀಸ್ ಕಮೀಷನರ್ ಹುದ್ದೆಯವರೆಗೆ ಏರಿ ನಿವೃತ್ತರಾಗಿದ್ದ ದಕ್ಷ ಅಧಿಕಾರಿ. ಅವರು ವೇಷ ಮರೆಸಿಕೊಂಡು ರಾತ್ರಿ ಗಸ್ತು ತಿರುಗುತ್ತಿದ್ದರೆಂಬ ಕಥೆಗಳು ಬೆಂಗಳೂರಿನ ಮನೆಮನೆಯಲ್ಲಿದ್ದವು. ಅವರು ಸೇವೆಯಲ್ಲಿರುವಾಗಲೇ, 1988ರಲ್ಲಿ, ಅವರ ಹೆಸರಿನ ಮೇಲೆಯೇ ಒಂದು ಸಿನಿಮಾ ಬಂತು. ಶಂಕರನಾಗ್ ಎಸ್.ಪಿ. ಸಾಂಗ್ಲಿಯಾನನಾಗಿ ತೆರೆಯ ಮೇಲೆ ಬಂದಾಗ ಥಿಯೇಟರಿನಲ್ಲಿ ಬಿದ್ದ ಶಿಳ್ಳೆಯ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. 1990ರಲ್ಲಿ ಅದರ ಎರಡನೆಯ ಭಾಗವೂ ಬಂತು. ಅದೇ ವರ್ಷ ಶಂಕರನಾಗ್ ತೀರಿಕೊಂಡರು. ತೆರೆಯ ಮೇಲಿನ ಸಾಂಗ್ಲಿಯಾನ ಹೋದರೂ ನಿಜವಾದ ಸಾಂಗ್ಲಿಯಾನ ನಮ್ಮ ಜೊತೆಯಲ್ಲಿದ್ದಾರಲ್ಲ ಎಂಬ ಸಮಾಧಾನ ನಮ್ಮಂಥವರಿಗೆ ಒಳಗೊಳಗೇ ಇತ್ತು.

ಅವರಿಗೆ ಎದುರಾಗಿ ನಿಂತವರು ಶ್ರೀ ಸಿ. ಕೆ. ಜಾಫರ್ ಷರೀಫ್. ಅವರು ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾಗಿದ್ದವರು. ಮೀಟರ್ ಗೇಜ್ ಹಳಿಗಳನ್ನು ಬ್ರಾಡ್‌ಗೇಜ್ ಮಾಡುವ ಯೋಜನೆ 1992ರಲ್ಲಿ ಶುರುವಾದದ್ದು ಅವರ ಕಾಲದಲ್ಲಿ. ಅವರ ಮೇಲೆ ಹೊರಿಸಲು ನಮ್ಮಲ್ಲಿ ದೂರುಗಳೂ ಇದ್ದವು. "ಇಷ್ಟು ಸಲ ಗೆದ್ದಿರಿ, ನಮ್ಮ ಬಡಾವಣೆಗೆ ಏನು ಮಾಡಿದಿರಿ? ಎಷ್ಟು ಸಲ ಮುಖ ತೋರಿಸಿದಿರಿ?" ಎಂದು ನಾವು ಅವರ ಕಡೆಯವರನ್ನು ಬೀದಿಯಲ್ಲಿ ನಿಲ್ಲಿಸಿ ಕೇಳಿದೆವು. ಕೇಳಬೇಕಾದ್ದೇ. ರಾಜಕಾರಣಿಯನ್ನು ಕೇಳುವುದಕ್ಕೆ ನಮಗೆ ಬಾಯಿ ಬರುತ್ತದೆ.

ಸಾಂಗ್ಲಿಯಾನರನ್ನು ನಾವು ಏನು ಕೇಳಿದೆವು? ಏನನ್ನೂ ಕೇಳಲಿಲ್ಲ. ಈ ಪಕ್ಷವನ್ನೇ ಏಕೆ ಆರಿಸಿಕೊಂಡಿರಿ, ಅದರ ಯಾವ ವಿಚಾರ ನಿಮಗೆ ಒಪ್ಪಿಗೆ, ಯಾವುದು ಒಪ್ಪಿಗೆಯಿಲ್ಲ, ಪಕ್ಷದ ಆಜ್ಞೆಗೂ ನಿಮ್ಮ ಮನಸ್ಸಿಗೂ ಜಗಳವಾದರೆ ಯಾವ ಕಡೆ ಹೋಗುತ್ತೀರಿ ಎಂದು ಒಬ್ಬನಾದರೂ ಕೇಳಿದ್ದು ನನಗೆ ನೆನಪಿಲ್ಲ. ನಾನಂತೂ ಕೇಳಲಿಲ್ಲ. ಓಟು ಕೊಟ್ಟು ಬಂದೆ. ಅವರು ಗೆದ್ದರು. ಆ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದದ್ದು ಪಕ್ಷಕ್ಕೋ ಅಭ್ಯರ್ಥಿಗೋ ಸಿನಿಮಾಕ್ಕೋ ಎಂದು ಈಗ ಯೋಚಿಸಿದರೆ ನಗು ಬರುತ್ತದೆ.

ನಾಲ್ಕು ವರ್ಷ ಕಳೆಯಿತು. 2008ರ ಜುಲೈ 22ರಂದು ಅಮೆರಿಕದೊಡನೆ ಅಣು ಒಪ್ಪಂದದ ವಿಚಾರವಾಗಿ ಮನಮೋಹನ ಸಿಂಗರ ಸರ್ಕಾರ ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿತು. 275 ಮತ ಪರವಾಗಿ, 256 ವಿರೋಧವಾಗಿ ಬಿದ್ದವು. ಸಾಂಗ್ಲಿಯಾನರು ತಮ್ಮ ಪಕ್ಷದ ವಿಪ್ಪನ್ನು ಮೀರಿ ಸರ್ಕಾರದ ಪರವಾಗಿ ಮತ ಹಾಕಿದರು. ಪಕ್ಷ ಅವರನ್ನು ಹೊರಗೆ ಹಾಕಿತು. ಮರುವರ್ಷ, 2009ರಲ್ಲಿ, ಅವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಬೆಂಗಳೂರು ಸೆಂಟ್ರಲ್‌ನಲ್ಲಿ ನಿಂತು ಸೋತರು. ಒಬ್ಬ ಹಿರಿಯ ಪೋಲೀಸ್ ಅಧಿಕಾರಿಯ ಚುನಾವಣೆಯ ಕಥೆ ಐದೇ ವರ್ಷದಲ್ಲಿ ಇಷ್ಟಕ್ಕೆ ಮುಗಿಯಿತು.

ಆಗ ನಮ್ಮ ಬೀದಿಯಲ್ಲಿ ಎದ್ದ ಕೂಗನ್ನು ಕೇಳಬೇಕಾಗಿತ್ತು. "ಮೋಸ ಮಾಡಿಬಿಟ್ಟರು" ಎಂದರು ಕೆಲವರು. "ಆತ್ಮಸಾಕ್ಷಿಯಂತೆ ನಡೆದರು" ಎಂದರು ಇನ್ನು ಕೆಲವರು. ನನಗೆ ಎರಡೂ ಮಾತು ಹಿಡಿಸಲಿಲ್ಲ. ಅವರ ಮತ ಪ್ರಾಮಾಣಿಕವಾಗಿದ್ದಿರಬಹುದು, ಅದನ್ನು ನಾನು ತೂಗಲಾರೆ. ನನ್ನ ಜಗಳ ನನ್ನೊಡನೆ. ಒಬ್ಬ ಮನುಷ್ಯನನ್ನು ಪಾರ್ಲಿಮೆಂಟಿಗೆ ಕಳಿಸುವಾಗ ಆತ ಯಾವುದರ ಪರ, ಯಾವುದರ ವಿರುದ್ಧ ಎಂದು ಕೇಳದೆ ಕಳಿಸಿದವನಿಗೆ, ಆತ ಎತ್ತ ಮತ ಹಾಕಿದರೂ ಮೋಸವಾಯಿತೆನ್ನುವ ಹಕ್ಕು ಎಲ್ಲಿಯದು? ಹೆಣ್ಣು ನೋಡದೆ ತಾಳಿ ಕಟ್ಟಿ, ಆಮೇಲೆ ಬೀಗರನ್ನು ಬೈದಂತಾಯಿತು.

ಏಕೆ ಕೇಳಲಿಲ್ಲ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಉತ್ತರ ಸಿಕ್ಕಿದ್ದು ಬೇರೆ ಕಡೆ, ಒಂದು ಠಾಣೆಯ ಜಗಲಿಯ ಮೇಲೆ.

ಕೆಲವು ವರ್ಷಗಳ ಹಿಂದೆ ಟೀ ಹೋಟೆಲಿನ ಇದೇ ಗೆಳೆಯನ ಗದ್ದೆಯಲ್ಲಿ ಪಂಪ್‌ಸೆಟ್ಟಿನ ಕೇಬಲ್ಲು ಕಳುವಾಯಿತು. ದೂರು ಕೊಡಲು ಜೊತೆಗೆ ಬರಬೇಕೆಂದು ನನ್ನನ್ನು ಕರೆದ. ಮೇಷ್ಟ್ರು ಜೊತೆಯಲ್ಲಿದ್ದರೆ ಒಂದು ತೂಕ ಎಂಬುದು ಅವನ ಎಣಿಕೆ. ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಇಂಥ ಅನುಭವಕ್ಕೆ ಊರಿನ ಹಂಗಿಲ್ಲ. ಬೆಳಗ್ಗೆ ಹತ್ತಕ್ಕೆ ಹೋದವರು ಮಧ್ಯಾಹ್ನ ಎರಡರವರೆಗೆ ಜಗಲಿಯಲ್ಲಿ ನಿಂತೆವು. ಬೆಂಚು ಖಾಲಿಯಿತ್ತು. ಕೂರಬೇಡಿ ಎಂದು ಯಾರೂ ಹೇಳಲಿಲ್ಲ, ಆದರೂ ನಾವು ಕೂರಲಿಲ್ಲ. ಅವನು ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಸೇರಿಸಿದ್ದ. ನಾನು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟಿದ್ದೆ. ಕೊನೆಗೆ "ನಾಳೆ ಬನ್ನಿ" ಎಂದರು. ನಾಳೆ ಹೋದೆವು. ನಾಡಿದ್ದೂ ಹೋದೆವು. ದೂರು ಕೊನೆಗೂ ದಾಖಲಾಗಲಿಲ್ಲ. ಅವನು ಸಾಲ ಮಾಡಿ ಹೊಸ ಕೇಬಲ್ಲು ತಂದ.

ಅಪರಾಧದ ಮಾಹಿತಿ ಬಂದರೆ ಪೋಲೀಸರು ಎಫ್.ಐ.ಆರ್. ದಾಖಲಿಸಲೇಬೇಕೆಂದು, ಅದು ಅವರ ಮರ್ಜಿಯಲ್ಲವೆಂದು, ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಕಳ್ಳತನ ಅಂಥ ಅಪರಾಧವೇ. ನನಗೆ ಅದು ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಫ್ರೆಂಚ್ ಕ್ರಾಂತಿಯನ್ನು ಆವೇಶದಿಂದ ಪಾಠ ಮಾಡಿದ ನಾನು ಆ ಜಗಲಿಯಲ್ಲಿ ಒಂದು ಮಾತನ್ನೂ ಆಡಲಿಲ್ಲ. ಅಲ್ಲಿ ನನಗೆ ತಿಳಿಯಿತು: ಖಾಕಿಯನ್ನು ಪ್ರಶ್ನೆ ಕೇಳುವ ಅಭ್ಯಾಸವೇ ನಮಗಿಲ್ಲ. ಕೇಳುವ ಕೆಲಸ ಅವರದು, ಉತ್ತರ ಹೇಳುವ ಕೆಲಸ ನಮ್ಮದು. ಆ ಭಯವೇ ಚುನಾವಣೆಯ ದಿನ ಭಕ್ತಿಯ ಉಡುಪು ತೊಟ್ಟು ಬರುತ್ತದೆ. ಯಾರ ಮುಂದೆ ಕೂರಲು ಧೈರ್ಯ ಸಾಲದೋ ಆತನನ್ನೇ ತಲೆಯ ಮೇಲೆ ಕೂರಿಸಿಕೊಂಡರೆ ಉಳಿದವರೆಲ್ಲ ಹೆದರಿಕೊಳ್ಳುತ್ತಾರೆ ಎಂಬ ಲೆಕ್ಕಾಚಾರ ನಮ್ಮದು.

ನಮ್ಮ ಸೀಮೆಯವರಾದರೂ ಇದನ್ನು ಬೇರೆ ರೀತಿ ಯೋಚಿಸಬೇಕಾಗಿತ್ತು. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಧ್ವಜ ಹಾರಿಸಬಾರದೆಂದು ನಿಷೇಧಾಜ್ಞೆಯಿತ್ತು. ಟಿ. ಸಿದ್ಧಲಿಂಗಯ್ಯನವರು ಅದನ್ನು ಮೀರಿ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಧ್ವಜಕ್ಕಾಗಿ ಸೇರಿದ ಜನರ ಮೇಲೆ ಗುಂಡು ಹಾರಿ ಹಲವರು ಸತ್ತರು. ಆಗ ನನ್ನ ತಂದೆಯವರಿಗೆ ಹದಿನೆಂಟು ವರ್ಷ. ಬೆಸಗರಹಳ್ಳಿಯಿಂದ ನಡೆದುಕೊಂಡು ಶಿವಪುರಕ್ಕೆ ಹೋಗಿ ಜನರ ನಡುವೆ ನಿಂತಿದ್ದರಂತೆ. ಹತ್ತು ವರ್ಷ ತುಂಬುವುದರೊಳಗೆ ದೇಶ ಸ್ವತಂತ್ರವಾಯಿತು; ಧ್ವಜವನ್ನು ತಡೆದ ಪೋಲೀಸರೇ ಧ್ವಜಕ್ಕೆ ಸೆಲ್ಯೂಟು ಹೊಡೆದರು.

"ಅವರಿಗೆ ನಾಚಿಕೆಯಾಗಲಿಲ್ವೇನಪ್ಪ?" ಎಂದು ಹುಡುಗನಾಗಿದ್ದಾಗ ನಾನು ಕೇಳಿದ್ದೆ. ತಂದೆಯವರು ಹೇಳಿದ್ದು ಇಷ್ಟು: "ಪೋಲೀಸಿನೋನು ಕೆಟ್ಟೋನಲ್ಲ ಕಣೋ. ಅವನು ಹೇಳಿದ್ದ ಮಾಡೋನು. ಹೇಳಿದೋರ್ಯಾರು ಅಂತ ಕೇಳು."

ಮೂರನೇ ಕ್ಲಾಸು ದಾಟದ ಆ ಮನುಷ್ಯ ಹೇಳಿದ ಮಾತಿನಲ್ಲಿ ಇಡೀ ವಿಷಯವಿದೆ. ಪೋಲೀಸಿನವನ ಧರ್ಮ ಆಜ್ಞೆಯನ್ನು ಪಾಲಿಸುವುದು, ತನ್ನ ಕೆಳಗಿನವರಿಗೆ ಆಜ್ಞೆ ಕೊಡುವುದು. ಅದು ದೋಷವಲ್ಲ. ಪ್ರತಿಯೊಬ್ಬ ಕಾನ್‌ಸ್ಟೇಬಲನೂ ತನ್ನ ಇಷ್ಟದ ಸರ್ಕಾರಕ್ಕೆ ಮಾತ್ರ ಸೆಲ್ಯೂಟು ಹೊಡೆಯುತ್ತೇನೆಂದರೆ ನಾವು ನೀವು ರಾತ್ರಿ ಮಲಗುವಂತಿಲ್ಲ. ಜನಪ್ರತಿನಿಧಿಯ ಧರ್ಮ ಬೇರೆ. ಆಜ್ಞೆ ಯಾರದು, ಏಕೆ, ಯಾರ ಖರ್ಚಿನಲ್ಲಿ ಎಂದು ಕೇಳುವುದು. ಹತ್ತು ಜನರ ಹತ್ತು ಮಾತಿಗೆ ಕಿವಿಗೊಡುವುದು. ಸೋತ ಕಕ್ಷಿಯವನ ಬೈಗುಳಕ್ಕೂ ಉತ್ತರ ಹೇಳುವುದು. ಮೂವತ್ತು ವರ್ಷ ಒಂದು ಧರ್ಮವನ್ನು ಪಾಲಿಸಿದವನು ಇನ್ನೊಂದನ್ನು ಕಲಿಯಲಾರನೆಂದು ನಾನು ಹೇಳುವುದಿಲ್ಲ. ಕಲಿಯುವುದಕ್ಕೆ ಸ್ವಲ್ಪ ಕಾಲ ಬೇಕು, ಕಲಿತನೇ ಇಲ್ಲವೇ ಎಂದು ನೋಡುವುದಕ್ಕೆ ನಮಗೂ ಕಾಲ ಬೇಕು ಎನ್ನುತ್ತೇನೆ.

ಆ ಕಾಲವನ್ನು ಈಗ ಯಾರೂ ಕೊಡುತ್ತಿಲ್ಲ. 2014ರ ಜನವರಿಯ ಕೊನೆಯಲ್ಲಿ ಮುಂಬಯಿಯ ಪೋಲೀಸ್ ಕಮೀಷನರ್ ಹುದ್ದೆ ಬಿಟ್ಟ ಸತ್ಯಪಾಲ ಸಿಂಗರು ಕೆಲವೇ ದಿನಗಳಲ್ಲಿ ಒಂದು ಪಕ್ಷ ಸೇರಿ, ಆ ಬೇಸಗೆಯಲ್ಲೇ ಉತ್ತರ ಪ್ರದೇಶದ ಬಾಗ್ಪತ್‌ನಿಂದ ಲೋಕಸಭೆಗೆ ಗೆದ್ದರು. 2022ರ ಜನವರಿಯಲ್ಲಿ ಕಾನ್ಪುರದ ಕಮೀಷನರ್ ಅಸೀಮ್ ಅರುಣ್ ಸ್ವಯಂನಿವೃತ್ತಿ ಕೇಳಿದರು; ಮಾರ್ಚಿನಲ್ಲಿ ಶಾಸಕರು, ಆಮೇಲೆ ಮಂತ್ರಿಗಳು. ನಮ್ಮ ಬೆಂಗಳೂರಿನ ಕಮೀಷನರಾಗಿದ್ದ ಭಾಸ್ಕರ ರಾವ್ ಅವರು 2022ರ ಏಪ್ರಿಲಿನಲ್ಲಿ ಆಮ್ ಆದ್ಮಿ ಪಕ್ಷ ಸೇರಿದರು, 2023ರ ಮಾರ್ಚಿನಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಹೋದರು. ವರ್ಷ ತುಂಬುವುದರೊಳಗೆ ಎರಡು ಮನೆ. ಇವರಲ್ಲಿ ಯಾರೂ ಕಾನೂನು ಮುರಿಯಲಿಲ್ಲ. ಮುರಿಯಲು ಕಾನೂನೇ ಇಲ್ಲ ಎಂಬುದೇ ನನ್ನ ದೂರು.

ಒಂದು ವಿಚಿತ್ರವನ್ನು ಓದುಗರು ಗಮನಿಸಬೇಕು. 1968ರ ನಡತೆ ನಿಯಮಗಳ ಪ್ರಕಾರ ಐ.ಪಿ.ಎಸ್. ಅಧಿಕಾರಿ ಸೇವೆಯಲ್ಲಿರುವಾಗ ಯಾವ ರಾಜಕೀಯ ಪಕ್ಷದಲ್ಲೂ ಇರುವಂತಿಲ್ಲ. ನಿವೃತ್ತನಾದ ಮೇಲೆ ಒಂದು ವರ್ಷದೊಳಗೆ ಖಾಸಗಿ ಕಂಪನಿಯ ನೌಕರಿ ಹಿಡಿಯಬೇಕಾದರೂ ಸರ್ಕಾರದ ಅನುಮತಿ ಬೇಕು. ಸೋಪು ಮಾಡುವ ಕಂಪನಿಗೆ ಸಲಹೆಗಾರನಾಗಲು ಅಪ್ಪಣೆ ಬೇಕು, ನಾಡಿನ ಶಾಸನ ಮಾಡುವ ಸಭೆಗೆ ಹೋಗಲು ಬೇಡ! ಸೋಪಿಗೆ ಇರುವ ಜಾಗ್ರತೆ ಶಾಸನಕ್ಕೆ ಇಲ್ಲ.

ಈ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನಿವೃತ್ತ ಅಧಿಕಾರಿಗಳು ಚುನಾವಣೆಗೆ ನಿಲ್ಲುವ ಮುನ್ನ ಇಷ್ಟು ಕಾಲ ಕಾಯಬೇಕೆಂದು ನಿಯಮ ಬೇಕೆಂಬ ಅರ್ಜಿಯನ್ನು ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿ, ಇದು ಶಾಸನ ಮಾಡುವವರ ಕೆಲಸ ಎಂದಿತು. ನ್ಯಾಯಾಲಯ ಹೇಳಿದ್ದು ಸರಿಯೇ ಇರಬಹುದು. ಆದರೆ ಶಾಸನ ಮಾಡುವವರು ಯಾರು? ಹೆಸರುವಾಸಿಯಾದ ಖಾಕಿಯನ್ನು ತಮ್ಮ ಪಕ್ಷಕ್ಕೆ ಎಳೆದುಕೊಳ್ಳಲು ಸಾಲುಗಟ್ಟಿ ನಿಂತಿರುವ ಪಕ್ಷಗಳವರು. ಬೆಣ್ಣೆ ಕಾಯಲು ಬೆಕ್ಕನ್ನೇ ಕೇಳಿದಂತಾಯಿತು.

ಇದರಿಂದ ಏನು ಕೆಡುತ್ತದೆ ಎಂದು ಕೇಳುವವರಿದ್ದಾರೆ. ನಿವೃತ್ತಿಯ ನಂತರ ಟಿಕೆಟ್ಟು ಸಿಗಬಹುದೆಂದು ಆಸೆಯಿರುವ ಅಧಿಕಾರಿಯ ಕೊನೆಯ ಎರಡು ವರ್ಷಗಳನ್ನು ಯೋಚಿಸಿ ನೋಡಿ. ಗಲಭೆಯಾಗುತ್ತದೆ, ಒಂದು ಪಕ್ಷದವರನ್ನು ಬಂಧಿಸಬೇಕು. ಮೆರವಣಿಗೆಗೆ ಅನುಮತಿ ಕೇಳುತ್ತಾರೆ, ಕೊಡಬೇಕು ಅಥವಾ ಕೊಡಬಾರದು. ಆತ ನೂರಕ್ಕೆ ನೂರು ನ್ಯಾಯವಾಗಿಯೇ ನಡೆದುಕೊಂಡರೂ, ಮೂರು ತಿಂಗಳಲ್ಲಿ ಒಂದು ಪಕ್ಷದ ಶಾಲು ಹೊದ್ದು ವೇದಿಕೆಯ ಮೇಲೆ ಕೂತರೆ, ಹಿಂದೆ ಮಾಡಿದ್ದೆಲ್ಲದರ ಮೇಲೂ ಆ ಶಾಲಿನ ಬಣ್ಣ ಬೀಳುತ್ತದೆ. ಆತ ಹಾಕಿದ ಕೇಸುಗಳು, ಕೈಬಿಟ್ಟ ಕೇಸುಗಳು, ಆತನ ಕೈಕೆಳಗೆ ದುಡಿದ ಸಾವಿರಾರು ಪೇದೆಗಳ ದುಡಿಮೆ, ಎಲ್ಲವೂ ಸಂಶಯದ ಪಾಲು. ಖಾಕಿಗೆ ಸಿಕ್ಕ ಗೌರವ ಒಬ್ಬ ಮನುಷ್ಯನ ಸ್ವಂತ ಗಳಿಕೆಯಲ್ಲ. ಅದು ಮಳೆಯಲ್ಲಿ ನಿಂತು ದಾರಿ ಬಿಡಿಸಿದ ಪೇದೆಯದು, ಹಬ್ಬದ ದಿನ ಮನೆಗೆ ಹೋಗದ ದಫೇದಾರನದು. ಸಾರ್ವಜನಿಕ ಆಸ್ತಿಯನ್ನು ಒಬ್ಬರು ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡರೆ ಕಂದಾಯ ಇಲಾಖೆಯವರು ಸುಮ್ಮನಿರುವರೇ?

ಪ್ರಶ್ನೆ ಕೇಳಿಸಿಕೊಳ್ಳದ ಖಾಕಿಗೆ ರಾಜ್ಯಾಧಿಕಾರವೂ ಸೇರಿದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ತಿಳಿಯಬೇಕಾದರೆ ಚೀನಾ ದೇಶವನ್ನು ನೋಡಬೇಕು. ಅಲ್ಲಿ ವಾಂಗ್ ಲಿಜುನ್ ಎಂಬ ಪೋಲೀಸ್ ಅಧಿಕಾರಿಯಿದ್ದ. ಗೂಂಡಾಗಳನ್ನು ಅಡಗಿಸಿದ ವೀರನೆಂದು ಹೆಸರಾದ. ಅವನ ಸಾಹಸಗಳನ್ನು ಆಧರಿಸಿ ಟೆಲಿವಿಷನ್ ಧಾರಾವಾಹಿಯೂ ಬಂತು. 2008ರಲ್ಲಿ ಚೋಂಗ್‌ಚಿಂಗ್ ಮಹಾನಗರಕ್ಕೆ ಹೋಗಿ ಅಲ್ಲಿಯ ಪೋಲೀಸ್ ಮುಖ್ಯಸ್ಥನಾದ, 2011ರಲ್ಲಿ ಉಪಮೇಯರೂ ಆದ. 2012ರ ಫೆಬ್ರವರಿ 6ರಂದು ತನ್ನ ಒಡೆಯನಿಗೇ ಹೆದರಿ ಚೆಂಗ್ಡುವಿನ ಅಮೆರಿಕನ್ ಕಾನ್ಸುಲೇಟಿಗೆ ಓಡಿಹೋದ. ಆ ಒಡೆಯ ಊರಿನ ಪಕ್ಷಕಾರ್ಯದರ್ಶಿ. ಅವನ ಹೆಂಡತಿ ಮಾಡಿದ ಕೊಲೆಯನ್ನು ಮೊದಲು ಮುಚ್ಚಿಟ್ಟವನು ಇವನೇ ಎಂದು ಆಮೇಲೆ ಹೊರಬಿತ್ತು. ಅದೇ ಸೆಪ್ಟೆಂಬರಿನಲ್ಲಿ ಹದಿನೈದು ವರ್ಷ ಸಜೆಯಾಯಿತು. ಬೀಜಿಂಗಿನ ಪೋಲೀಸ್ ಮುಖ್ಯಸ್ಥನಾಗಿದ್ದ ಫು ಝೆಂಗ್‌ಹುವಾ 2018ರಲ್ಲಿ ನ್ಯಾಯಮಂತ್ರಿಯಾದ. 2022ರಲ್ಲಿ ಲಂಚದ ಪ್ರಕರಣದಲ್ಲಿ ಮರಣದಂಡನೆಯ ತೀರ್ಪು ಕೇಳಿದ, ಜಾರಿಯನ್ನು ಎರಡು ವರ್ಷ ಮುಂದೂಡಿದ್ದರಿಂದ ತಲೆ ಉಳಿಯಿತು. ಹಾಂಗ್‌ಕಾಂಗಿನಲ್ಲಿ 1977ರಲ್ಲಿ ಪೋಲೀಸ್ ಸೇರಿದ ಜಾನ್ ಲೀ 2022ರ ಮೇ ತಿಂಗಳಲ್ಲಿ ಅಲ್ಲಿಯ ಮುಖ್ಯಾಧಿಕಾರಿಯಾಗಿ ಆಯ್ಕೆಯಾದರು. ಮತ ಹಾಕಬೇಕಾದವರು ಒಂದೂವರೆ ಸಾವಿರ ಜನರ ಒಂದು ಸಮಿತಿ. ಬಿದ್ದ ಮತ 1,416. ಎದುರು ಅಭ್ಯರ್ಥಿಯೇ ಇರಲಿಲ್ಲ.

ನಮ್ಮ ಸಾಂಗ್ಲಿಯಾನರನ್ನೋ ಬೇರೆಯವರನ್ನೋ ಇವರ ಪಕ್ಕದಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಹಾಗೆ ಮಾಡಿದರೆ ಅನ್ಯಾಯವಾಗುತ್ತದೆ. ಚೀನಾದ ಜನರಿಗೆ ಕೇಳುವ ಹಕ್ಕಿಲ್ಲ. ನಮಗೆ ಇದೆ. ಹಕ್ಕಿದ್ದೂ ಕೇಳದೆ, ಸಿನಿಮಾ ನೋಡಿ ಬಂದವರಂತೆ ಶಿಳ್ಳೆ ಹೊಡೆದು ಓಟು ಹಾಕಿದರೆ, ಅವರಿಗೂ ನಮಗೂ ವ್ಯತ್ಯಾಸವಾದರೂ ಏನು ಎಂಬುದಷ್ಟೇ ನನ್ನ ಮಾತು.

ಕೇಳುವುದು ಸಾಧ್ಯ ಎಂಬುದಕ್ಕೂ ನಿದರ್ಶನಗಳಿವೆ. 2008ರಲ್ಲಿ ವರುಣಾ ಕ್ಷೇತ್ರದಲ್ಲಿ ನಿವೃತ್ತ ಹಿರಿಯ ಪೋಲೀಸ್ ಅಧಿಕಾರಿ ಎಲ್. ರೇವಣಸಿದ್ಧಯ್ಯನವರು ಸಿದ್ಧರಾಮಯ್ಯನವರಿಗೆ ಎದುರಾಗಿ ನಿಂತರು. ಹಳ್ಳಿಯ ಮತದಾರರು ಇಬ್ಬರನ್ನೂ ತೂಗಿ ನೋಡಿ ರಾಜಕಾರಣಿಯನ್ನೇ ಆರಿಸಿದರು. ಬೆಂಗಳೂರು ದಕ್ಷಿಣದ ಡಿ.ಸಿ.ಪಿ.ಯಾಗಿದ್ದ ಅಣ್ಣಾಮಲೈ ಅವರು 2019ರಲ್ಲಿ ರಾಜೀನಾಮೆ ಕೊಟ್ಟು, 2020ರ ಆಗಸ್ಟಿನಲ್ಲಿ ಪಕ್ಷ ಸೇರಿದರು. ನಡುವೆ ಒಂದು ವರ್ಷವಾದರೂ ಕಳೆಯಿತು. ಆಮೇಲೆ 2021ರಲ್ಲಿ ಅರವಕುರಿಚಿಯಲ್ಲಿ, 2024ರಲ್ಲಿ ಕೊಯಮತ್ತೂರಿನಲ್ಲಿ ಸೋತರು. ನಡುವೆ 2021ರಿಂದ 2025ರವರೆಗೆ ತಮಿಳುನಾಡಿನಲ್ಲಿ ತಮ್ಮ ಪಕ್ಷದ ಅಧ್ಯಕ್ಷರಾಗಿ ಊರೂರು ಅಲೆದರು. ಅವರ ವಿಚಾರ ನಿಮಗೆ ಹಿಡಿಸಲಿ ಬಿಡಲಿ, ಅದು ಏನೆಂದು ತಮಿಳುನಾಡಿನ ಮತದಾರನಿಗೆ ಗೊತ್ತಿತ್ತು. ಬೀದಿಯಲ್ಲಿ ನಿಂತು ಬೈಸಿಕೊಂಡು ಬೈದು ಬಂದವನಲ್ಲಿ ಖಾಕಿಯ ಗಂಜಿ ಸ್ವಲ್ಪವಾದರೂ ಸಡಿಲವಾಗಿರುತ್ತದೆ. ಆ ಕಾಲಾವಕಾಶವೇ ಎಲ್ಲರಿಗೂ ನಿಯಮವಾಗಲಿ ಎಂದು ನನ್ನ ಕೋರಿಕೆ.

ಪೋಲೀಸಿನಿಂದ ಬಂದವರಿಗೆ ಸಾರ್ವಜನಿಕ ಸೇವೆಯ ಬೇರೆ ದಾರಿಯೇ ಇಲ್ಲವೇ ಎಂದರೆ, ಇದೆ. ಉತ್ತರ ಪ್ರದೇಶದ ಡಿ.ಜಿ.ಪಿ.ಯಾಗಿ, ಗಡಿ ಭದ್ರತಾ ಪಡೆಯ ಮುಖ್ಯಸ್ಥರಾಗಿ ನಿವೃತ್ತರಾದ ಪ್ರಕಾಶ ಸಿಂಗರು ಟಿಕೆಟ್ಟು ಕೇಳಲು ಹೋಗಲಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಹತ್ತು ವರ್ಷ ಕಾದ ಮೇಲೆ, 2006ರ ಸೆಪ್ಟೆಂಬರ್ 22ರಂದು, ಏಳು ನಿರ್ದೇಶನಗಳುಳ್ಳ ತೀರ್ಪು ಬಂತು. ರಾಜ್ಯದ ಪೋಲೀಸ್ ಮುಖ್ಯಸ್ಥನನ್ನು ಎರಡು ವರ್ಷ ಕದಲಿಸಬಾರದು, ತನಿಖೆಯನ್ನೂ ಬಂದೋಬಸ್ತನ್ನೂ ಬೇರೆಬೇರೆ ಮಾಡಬೇಕು, ವರ್ಗಾವಣೆಗಳು ರಾಜಕಾರಣಿಯ ಚೀಟಿಯಿಂದ ನಡೆಯಬಾರದು, ಪೋಲೀಸರ ಮೇಲಿನ ದೂರು ಕೇಳಲು ರಾಜ್ಯ ಮತ್ತು ಜಿಲ್ಲೆಯ ಮಟ್ಟದಲ್ಲಿ ದೂರು ಪ್ರಾಧಿಕಾರವಿರಬೇಕು ಎಂಬುವು ಅದರಲ್ಲಿವೆ. ಕರ್ನಾಟಕ 2012ರಲ್ಲಿ ತನ್ನ ಪೋಲೀಸ್ ಕಾಯಿದೆಗೆ ತಿದ್ದುಪಡಿ ತಂದು ದೂರು ಪ್ರಾಧಿಕಾರಕ್ಕೆ ಜಾಗ ಕೊಟ್ಟಿತು. ಟೀ ಹೋಟೆಲಿನಲ್ಲಿ ಆ ಪ್ರಾಧಿಕಾರದ ಹೆಸರು ಹೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಆದರೆ ಕನ್ನಡ ಸಿನಿಮಾದ ಪ್ರತಿಯೊಬ್ಬ ಇನ್‌ಸ್ಪೆಕ್ಟರನ ಹೆಸರೂ ಅವರ ಬಾಯಲ್ಲಿತ್ತು. ತಪ್ಪು ಅವರದೆಂದು ನಾನು ಹೇಳಲಾರೆ. ಕೇಬಲ್ಲಿನ ದೂರು ಕೊಡಲು ಹೋದ ದಿನ ಅದು ನನಗೂ ನೆನಪಾಗಿರಲಿಲ್ಲ.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ಖಾಕಿ ಕಳಚಿದ ದಿನದಿಂದ ಎರಡು ವರ್ಷ ಯಾವ ಪೋಲೀಸ್ ಅಧಿಕಾರಿಗೂ ಚುನಾವಣೆಯ ಟಿಕೆಟ್ಟು ಇರಕೂಡದು. ಅವರ ನಾಗರಿಕ ಹಕ್ಕನ್ನು ಯಾರೂ ಕಸಿಯುವುದು ಬೇಡ. ಓಟು ಹಾಕಲಿ, ಬರೆಯಲಿ, ಭಾಷಣ ಮಾಡಲಿ. ಆ ಎರಡು ವರ್ಷ ಡ್ರೈವರು, ಆರ್ಡರ್ಲಿ, ಕೆಂಪು ದೀಪ ಇಲ್ಲದೆ ನಮ್ಮ ನಡುವೆ ಬದುಕಲಿ. ರೇಷನ್ ಕಾರ್ಡಿಗೆ, ಖಾತೆ ಬದಲಾವಣೆಗೆ ತಾವೇ ಕಚೇರಿಗೆ ಹೋಗಿ ಕ್ಯೂ ನಿಲ್ಲಲಿ. ಸಾಧ್ಯವಾದರೆ ಪರಿಚಯ ಹೇಳಿಕೊಳ್ಳದೆ ಒಂದು ಠಾಣೆಗೆ ಹೋಗಿ ಕಳ್ಳತನದ ದೂರು ಕೊಟ್ಟು ನೋಡಲಿ. ಹಿಂದೆ ಗಸ್ತು ತಿರುಗಲು ವೇಷ ಮರೆಸುತ್ತಿದ್ದವರಿಗೆ ಇದು ಕಷ್ಟವಾಗಲಾರದು. ಆಮೇಲೆ ನಿಲ್ಲಲಿ, ಗೆಲ್ಲಲಿ. ನಾನೇ ಓಟು ಹಾಕುತ್ತೇನೆ.

"ಒಳ್ಳೆಯವರು ಬರುವುದಕ್ಕೂ ಅಡ್ಡಗಾಲು ಹಾಕುತ್ತೀರಲ್ಲ, ಅಪರಾಧಿಗಳಿಗೆ ಇಲ್ಲದ ನಿರ್ಬಂಧ ಅಧಿಕಾರಿಗಳಿಗೇಕೆ?" ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಪರಾಧಿಗಳನ್ನು ತಡೆಯಬೇಕೆಂಬುದಕ್ಕೆ ನನ್ನ ಕೈಯೂ ಮೇಲೆ. ಆದರೆ ಒಳ್ಳೆಯವನಿಗೆ ಎರಡು ವರ್ಷದ ಕಾಯುವಿಕೆಯಿಂದ ಏನು ನಷ್ಟ? ಅವನ ಒಳ್ಳೆಯತನ ಹಾಲಲ್ಲ, ಎರಡು ದಿನಕ್ಕೆ ಒಡೆಯುವುದಿಲ್ಲ. ಬಿಸಿಯಿರುವಾಗಲೇ ಮಾರಿಬಿಡಬೇಕೆನ್ನುವ ಆತುರ ಇರುವುದು ಪಕ್ಷಗಳಿಗೆ.

ಶಾಸನ ಬರುವವರೆಗೆ ನಮ್ಮ ಕೈಯಲ್ಲಿರುವ ಕೆಲಸವೊಂದಿದೆ. ಮುಂದಿನ ಚುನಾವಣೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರು ಕೈಮುಗಿದುಕೊಂಡು ಮನೆ ಬಾಗಿಲಿಗೆ ಬಂದರೆ, ಕುರ್ಚಿ ಕೊಟ್ಟು, ನಾವೂ ಎದುರಿಗೆ ಕೂತು, ಕಾಫಿ ಕೊಟ್ಟು ಕೇಳೋಣ: ಸಾಹೇಬರೇ, ಈ ಪಕ್ಷ ಸೇರಬೇಕೆಂದು ನಿಮಗೆ ಮೊದಲು ಅನ್ನಿಸಿದ್ದು ಯಾವಾಗ, ಆಗ ನೀವು ಯಾವ ಹುದ್ದೆಯಲ್ಲಿದ್ದಿರಿ? ತಪ್ಪೆಂದು ತಿಳಿದ ಆಜ್ಞೆಯನ್ನು ಒಂದು ಸಲವಾದರೂ ಕಾಗದ ಬರೆದು ನಿರಾಕರಿಸಿದ್ದೀರಾ? ನಿಮ್ಮ ಠಾಣೆಗಳಲ್ಲಿ ದೂರು ಕೊಡಲು ಬಂದವರಿಗೆ ಕೂರಲು ಬೆಂಚಿತ್ತೇ, ಕೂತರೆ ಯಾರೂ ಗದರುತ್ತಿರಲಿಲ್ಲವೇ?

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಟೀ ಆರಿಹೋಗಿತ್ತು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ನಾನು ಕೇಳಿದೆ: "ನೀನು ಠಾಣೇಲಿ ಕೂತ್ಕೊಂಡು ಮಾತಾಡಿದ್ದೀಯೇನಯ್ಯ, ಒಂದ್ ದಿನಕ್ಕಾದರೂ?"

"ಎಲ್ಲಾರ ಉಂಟಾ ಮೇಷ್ಟ್ರೇ," ಎಂದು ನಕ್ಕ. ಆಮೇಲೆ ಇನ್ನೊಂದು ಟೀ ಹೇಳಿ, "ಆದ್ರೆ ಯಾರಾರ ಬತ್ತಾರಲ್ಲ ಓಟ್ ಕೇಳಕ್ಕೆ, ಆಗ ನಮ್ಮನೆ ಜಗಲಿ ಮೇಲೆ ಕೂತ್ಕೊಂಡೇ ಕೇಳ್ತೀನಿ ಬುಡಿ. ನನ್ ಕೇಬಲ್ಲಿನ ಕಂಪ್ಲೇಂಟು ಯಾಕ್ ಬರ್ಕೊಳ್ಲಿಲ್ಲ ಅಂತ" ಎಂದ.

ಅವನು ಕೇಳುತ್ತಾನೆ ಎಂಬ ನಂಬಿಕೆ ನನಗಿದೆ. ಬೆಂಗಳೂರಿನಲ್ಲಿರುವ ನಾವು ಕೇಳುತ್ತೇವೆಯೇ ಎಂಬುದೇ ನನ್ನ ಅನುಮಾನ.